ಮುಚ್ಚದ ಕಂಸ

ಮೇಜಿನ ಮೇಲಿದ್ದ ಮೊಬೈಲು ಒಮ್ಮೆ ನಡುಗಿತು. ಪಕ್ಕದ ಖಾಲಿ ಲೋಟದಲ್ಲಿ ಒರಗಿದ್ದ ಚಮಚ ಆ ನಡುಕಕ್ಕೆ ಅಂಚಿಗೆ ತಾಗಿ ಟಿಣ್ ಎಂದಿತು. ಅಷ್ಟೇ. ಮನೆಯಲ್ಲಿ ಬೇರೆ ಯಾರಿಗೂ ಎಚ್ಚರವಾಗುವಂಥ ಸದ್ದಲ್ಲ. ಗಂಡನ ಗೊರಕೆ ಎಲ್ಲಿಯೂ ಮುಗ್ಗರಿಸದೆ ಮುಂದುವರಿಯಿತು. ಪಕ್ಕದ ಕೋಣೆಯಲ್ಲಿ ಅತ್ತೆ ಮಗ್ಗುಲು ಬದಲಿಸಿದಂತೆಯೂ ಕೇಳಿಸಲಿಲ್ಲ. ಅವಳೊಬ್ಬಳಿಗೆ ಮಾತ್ರ ಯಾರೋ ಹೆಸರು ಹಿಡಿದು ಕರೆದಂತಾಯಿತು. ಹಾಗೆ ನೋಡಿದರೆ ಅವಳು ನಿದ್ದೆ ಹೋಗಿಯೇ ಇರಲಿಲ್ಲ. ನಾಳೆಯ ಸಭೆಯಲ್ಲಿ ಯಾರು ಎಲ್ಲಿ ಕೂರಬಹುದು, ಪ್ರೊಜೆಕ್ಟರಿನ ತಂತಿ ಗೋಡೆಯ ತನಕ ಎಟಕುತ್ತದೋ ಇಲ್ಲವೋ, ತಾನು ಬರೆದ ವಾಕ್ಯಗಳು ಪರದೆಯ ಮೇಲೆ ಬಂದಾಗ ಯಾರಾದರೂ ಕೆಮ್ಮುತ್ತಾರೋ ಎಂದೆಲ್ಲ ಕಣ್ಣು ಮುಚ್ಚಿಕೊಂಡೇ ನೋಡುತ್ತಿದ್ದಳು. ಬಸ್ಸಿನ ಟಿಕೆಟ್ ಯಂತ್ರಗಳ ತಂತ್ರಾಂಶವನ್ನು ಪರೀಕ್ಷಿಸುವುದು ಅವಳ ಕೆಲಸ. ಯಂತ್ರ ಎಲ್ಲೆಲ್ಲಿ ಕೈಕೊಡಬಹುದೆಂದು ಮೊದಲೇ ಊಹಿಸಿ, ಅಲ್ಲಲ್ಲೇ ಒತ್ತಿ ನೋಡಿ, ಕೈಕೊಟ್ಟರೆ ವರದಿ ಬರೆಯುವುದು. ಹುಳುಕು ಹುಡುಕುವುದಕ್ಕೇ ಸಂಬಳ ತಗೊಳ್ಳೋಳು, ಮನೇಲಿ ಮಾತ್ರ ಬಿಟ್ಟಿ ಸೇವೆ ಎಂದು ಗಂಡ ಬಂದವರೆದುರು ತಮಾಷೆ ಮಾಡುತ್ತಾನೆ. ಆ ಅಭ್ಯಾಸ ಮೈಗೆ ಅಂಟಿ, ಈಗ ಹಾಸಿಗೆಯಲ್ಲಿಯೂ ಅವಳು ನಾಳೆಯನ್ನು ಒತ್ತೊತ್ತಿ ನೋಡುತ್ತಿದ್ದಳು.

ಸಂದೇಶ ಅವಳು ತಿಂಗಳಿಗೊಮ್ಮೆ ಹೋಗುವ ಪ್ರೋಗ್ರಾಮಿಂಗ್ ಬಳಗದ ಹಿರಿಯರದು. ‘ಹೊಸ ಜಾಲತಾಣದ ಮೊದಲ ಪುಟ ನೋಡಿದೆ. ಬಳಗದ ಹೆಸರಿನ ಮುಂದೆ ಒಂದು ಕಂಸ ತೆರೆದಿದೆ, ಮುಚ್ಚಿಲ್ಲ. ಎಲ್ಲರಿಗೂ ತೋರಿಸುವ ಮೊದಲು ಸರಿಪಡಿಸಿ.’ ನಮಸ್ಕಾರವಿಲ್ಲ, ಶುಭರಾತ್ರಿಯಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಬಿಲ್ಲಿನ ಪ್ರೋಗ್ರಾಮುಗಳನ್ನು ಬರೆದು ನಿವೃತ್ತರಾದವರು; ಮಾತನ್ನೂ ಹನಿ ಲೆಕ್ಕದಲ್ಲಿ ಬಿಡುವವರು. ಅವಳು ಸಂದೇಶವನ್ನು ತೆರೆದ ಕ್ಷಣದಲ್ಲೇ ಅವರ ಮೊಬೈಲಿನಲ್ಲಿ ಎರಡು ಗೀಟುಗಳು ನೀಲಿಯಾಗಿರುತ್ತವೆ. ಓದಿಯಾಯಿತು. ಓದಿದ್ದನ್ನು ಓದಿಲ್ಲವೆನ್ನಲು ಇನ್ನು ಬರುವುದಿಲ್ಲ. ಉತ್ತರವೇನೋ ಸುಲಭದ್ದೇ: ಅದು ತಪ್ಪಲ್ಲ ಸರ್, ಬೇಕೆಂದೇ ಬಿಟ್ಟದ್ದು, ಅದೇ ನಮ್ಮ ಹೊಸ ಲಾಂಛನ. ಅಷ್ಟು ಬರೆದರೆ ನಾಳೆ ಅವರು ಸಭೆಯಲ್ಲಿ ಎದ್ದು ನಿಲ್ಲುವುದಿಲ್ಲ, ಯಾರೂ ನಗುವುದಿಲ್ಲ. ‘ಸರ್, ಅದು’ ಎಂಬಲ್ಲಿಗೆ ಅವಳ ಹೆಬ್ಬೆರಳು ನಿಂತಿತು. ಅದಕ್ಕೆ ಅವರು ಮತ್ತೇನಾದರೂ ಕೇಳಿದರೆ? ಮೊದಲ ಪುಟ ನೋಡಿದವರು ಎರಡನೆಯದನ್ನೂ ನೋಡಿರಲೇಬೇಕು. ಎರಡನೆಯದು ‘ನಮ್ಮ ಬಗ್ಗೆ’. ಅದನ್ನು ಬರೆದವಳು ಅವಳೇ. ಅದರಲ್ಲಿ ಅವರಿಲ್ಲ. ಅವಳು ಎರಡು ಪದಗಳನ್ನೂ ಅಳಿಸಿ, ಮೊಬೈಲನ್ನು ಬೋರಲು ಮಲಗಿಸಿ, ಚಮಚವನ್ನು ಲೋಟದಿಂದ ತೆಗೆದು ಪಕ್ಕಕ್ಕಿಟ್ಟಳು. ಇನ್ನೊಮ್ಮೆ ಟಿಣ್ ಎನ್ನಬಾರದು. ತಾನು ಬರೆಯುತ್ತಿದ್ದುದು ಆ ಕಡೆ ಕಾಣಿಸಿರುತ್ತದೆ, ಬರೆದು ಬಿಟ್ಟದ್ದೂ ಕಾಣಿಸಿರುತ್ತದೆ ಎಂಬುದು ಆಮೇಲೆ ಹೊಳೆಯಿತು.

ಬೆಳಿಗ್ಗೆ ಗಂಡ ಕನ್ನಡಕದಂಗಡಿಗೆ ಹೊರಡುವ ಮುಂಚೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಎಂದಿನ ಪ್ರಶ್ನೆಯನ್ನೇ ಕೇಳಿದ. “ಇವತ್ತು ನಿಮ್ಮ ಬಳಕೆದಾರರ ಬಳಗ ಅಲ್ವಾ? ನಾನೂ ಬರ್ತೀನಿ ಕಣೆ. ನಾನೂ ಏನೇನೋ ಬಳಸ್ತೀನಿ. ಸೋಪು, ಬಾಚಣಿಗೆ.” ಅತ್ತೆ ಬಟ್ಟೆ ಮಡಚುತ್ತಾ ತಲೆಯೆತ್ತದೆ, “ಬಾಚಣಿಗೆ ಎಲ್ಲಿಂದ ಬಂತೋ, ಬಾಚೋಕೆ ಏನಿದೆ ಅಂತ” ಎಂದರು. ಅವಳು ನಗಬೇಕಾದಲ್ಲಿ ನಕ್ಕಳು. ಆದರೆ ಈ ಮಾತಿನ ಕೆಳಗೆ ಒಂದು ನಿಜವಿತ್ತು; ಅವನು ಮೊದಲ ಸಲ ಹೇಳಿದಾಗಲೇ ಅದು ಅವಳಿಗೆ ಚುಚ್ಚಿತ್ತು. ಬಳಗದಲ್ಲಿ ತಾನು ಏನನ್ನು ಬಳಸುತ್ತೇನೆ? ಅಲ್ಲಿರುವವರೆಲ್ಲ ಆ ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಬರೆಯುವವರು, ಅದರಲ್ಲಿ ಬದುಕುವವರು. ಅವಳು ಎಂದೋ ಸಂಜೆಯ ತರಗತಿಯಲ್ಲಿ ಕಲಿತು, ಕಚೇರಿಯಲ್ಲಿ ಅದರಿಂದ ಏನೂ ಉಪಯೋಗವಾಗದೆ, ತಿಂಗಳಿಗೊಮ್ಮೆ ಗ್ರಂಥಾಲಯದ ಮೇಲ್ಮಹಡಿಯ ಕೋಣೆಗೆ ಹೋಗಿ ಕುರ್ಚಿ ಹಾಕುತ್ತಾಳೆ, ನಡೆದದ್ದನ್ನು ಬರೆದಿಡುತ್ತಾಳೆ, ಕುರ್ಚಿ ತೆಗೆಯುತ್ತಾಳೆ. ಬಳಸುವವಳಲ್ಲ, ಬಳಕೆಯಾಗುವವಳು. ಜಾಲತಾಣದ ಸಮಿತಿಗೆ ಅವಳನ್ನು ಸೇರಿಸಿಕೊಂಡದ್ದು ಕೂಡ “ಮೇಡಂ ಭಾಷೆ ಚೆನ್ನಾಗಿದೆ” ಎಂಬ ಕಾರಣಕ್ಕೆ. ಯಾವ ಭಾಷೆ ಎಂದು ಅವಳು ಕೇಳಲಿಲ್ಲ.

ಮೊದಲ ಸಲ ಆ ಕೋಣೆಗೆ ಹೋದ ದಿನ ಅವಳ ಲ್ಯಾಪ್‌ಟಾಪಿನಲ್ಲಿ ಹತ್ತು ಸಾಲಿನ ಪುಟ್ಟ ಪ್ರೋಗ್ರಾಮು ಓಡದೆ ಕೂತಿತ್ತು. ಅಕ್ಕಪಕ್ಕದವರು ನೋಡಿಯೂ ನೋಡದವರಂತಿದ್ದರು. ಹಿಂದಿನಿಂದ ಬಂದ ಹಿರಿಯರು ಮಾತಾಡದೆ, ಪೆನ್ಸಿಲಿನ ಹಿಂಬದಿಯಿಂದ ಪರದೆಯ ಒಂದು ಜಾಗವನ್ನು ಮುಟ್ಟಿ ತೋರಿಸಿ ಮುಂದೆ ಹೋದರು. ಅಲ್ಲಿ ಒಂದು ಕಂಸ ಮುಚ್ಚಿರಲಿಲ್ಲ. ಆ ಭಾಷೆಯಲ್ಲಿ ಎಲ್ಲವೂ ಕಂಸದೊಳಗೇ, ಕಂಸದೊಳಗೆ ಕಂಸ, ಅದರೊಳಗೆ ಇನ್ನೊಂದು. ಒಂದು ತೆರೆದೇ ಉಳಿದರೆ ಮುಂದಿನದೇನನ್ನೂ ಯಂತ್ರ ನಂಬುವುದಿಲ್ಲ. ಎಲ್ಲರೂ ಬ್ರ್ಯಾಕೆಟ್ ಎನ್ನುವಾಗ ಅವರೊಬ್ಬರು ಶಾಲೆಯ ಲೆಕ್ಕದ ತರಗತಿಯಿಂದ ಹೊತ್ತು ತಂದವರಂತೆ ಕಂಸ ಎನ್ನುತ್ತಿದ್ದರು. ಈಗಿನ ಸಂಪಾದಕ ತಂತ್ರಾಂಶಗಳು ತೆರೆಯುವ ಕಂಸವನ್ನು ಒತ್ತಿದೊಡನೆ ಮುಚ್ಚುವುದನ್ನೂ ತಾವೇ ತಂದಿಟ್ಟು, ನಡುವೆ ಬರೆಯಲು ಜಾಗ ಬಿಟ್ಟು ಕಾಯುತ್ತವೆ. ಅದು ಅವರಿಗೆ ಆಗದು. “ಯಂತ್ರ ಮುಚ್ಚಿದ್ರೆ ಮುಚ್ಚಿದ ಹಾಗಲ್ಲ. ತೆರೆದೋರೇ ನೆನಪಿಟ್ಟು ಮುಚ್ಚಬೇಕು” ಎಂದು ಒಮ್ಮೆ ಹೇಳಿದ್ದರು. ಹಿಂದಿನ ಸಾಲಿನ ಹುಡುಗರು ಕಣ್ಣಲ್ಲೇ ನಕ್ಕಿದ್ದರು. ಹಿರಿಯರು ಮುಂದೆ ಹೋದ ಮೇಲೆ ಪಕ್ಕದಲ್ಲಿದ್ದವನ ಕಡೆ ಬಾಗಿ, “ಕಂಸಮಾವ” ಎಂದವಳು ಅವಳು. ಯಾಕೆ ಅಂದಳೋ. ಎಲ್ಲರೂ ನಗುತ್ತಿರುವಾಗ ತಾನೂ ಆ ನಗುವಿನೊಳಗೆ ಇರಬೇಕು ಅನ್ನಿಸಿತ್ತು, ಬಾಯಿಗೆ ಬಂತು, ಅಂದಳು. ಜೀವನದಲ್ಲಿ ಅವಳು ಮಾಡಿದ ಒಂದೇ ಒಂದು ಒಳ್ಳೆಯ ತಮಾಷೆ. ಮುಂದಿನ ಸಭೆಯ ಹೊತ್ತಿಗೆ ಅದು ಹಿಂದಿನ ಸಾಲಿಗೆಲ್ಲ ಹಬ್ಬಿತ್ತು; ಹುಟ್ಟಿಸಿದವರ ಹೆಸರು ಯಾರಿಗೂ ನೆನಪಿರಲಿಲ್ಲ. ಅದು ಅವಳಿಗೆ ಸಮಾಧಾನವೂ ಆಗಿತ್ತು, ಸ್ವಲ್ಪ ಬೇಸರವೂ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರನ ಕೈಯಲ್ಲಿದ್ದ ಯಂತ್ರ ಅವಳು ಪರೀಕ್ಷಿಸಿದ್ದೇ. ಅದು ಟಿಕೆಟನ್ನು ಸರಾಗವಾಗಿ ಉಗುಳಿದಾಗ ಅವಳಿಗೆ ಹೆಮ್ಮೆಯಾಗಲಿಲ್ಲ. ಈ ಸಲ ಬಚಾವು ಅನ್ನಿಸಿತು. ಸಮಿತಿಯ ಮೊದಲ ಮಾತುಕತೆ ನಡೆದದ್ದು ಬಳಗದ ಸಂಚಾಲಕನ ಕಚೇರಿಯ ಕೆಳಗಿನ ಕಾಫಿ ಅಂಗಡಿಯಲ್ಲಿ. ಸಂಚಾಲಕ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಮಾತಿನಲ್ಲಿ ದೊಡ್ಡವನು. ಹಳೆಯ ಜಾಲತಾಣವನ್ನು ತೆರೆದು ಮೇಜಿನ ನಡುವೆ ಇಟ್ಟು, ಸತ್ತ ಹಲ್ಲಿಯನ್ನು ತೋರಿಸುವವನಂತೆ ತೋರಿಸಿದ್ದ. ಹಳದಿ ಹಿನ್ನೆಲೆ, ಮಿಣುಕುವ ‘ಸುಸ್ವಾಗತ’, ಎಡಕ್ಕೆ ಓಡುವ ಅಕ್ಷರಗಳು. ಹಿರಿಯರು ಒಬ್ಬರೇ ಕೂತು ಕಟ್ಟಿದ್ದು. ಬಳಗವನ್ನು ಕಟ್ಟಿದ್ದೂ ಅವರೇ. “ಬ್ರ್ಯಾಂಡ್ ಅಂದ್ರೆ ಬಣ್ಣ ಅಲ್ಲ ಮೇಡಂ, ಒಂದು ಮಾತು ಕೊಡೋದು” ಎಂದಿದ್ದ ಸಂಚಾಲಕ. ಅವನ ಚಿಕ್ಕಪ್ಪನ ಮಗಳು, ಪೋಸ್ಟರು ಕಾರ್ಡು ಮಾಡುವ ಡಿಸೈನ್ ಹುಡುಗಿ, ಅಣ್ಣನ ಬಲವಂತಕ್ಕೆ ಬಂದವಳು, ಪ್ರೋಗ್ರಾಮಿಂಗಿನ ಗಂಧಗಾಳಿ ಇಲ್ಲದವಳು, ಕಾಫಿ ಬರುವುದರೊಳಗೆ ಕಾಗದದ ಕರವಸ್ತ್ರದ ಮೇಲೆ ಒಂದು ಬಾಗಿದ ಗೆರೆ ಎಳೆದು, “ಇದು ಅರ್ಧ ತೆರೆದ ಬಾಗಿಲಿನ ಥರ ಇಲ್ವಾ ಅಕ್ಕಾ?” ಎಂದು ಅವಳನ್ನೇ ಕೇಳಿದ್ದಳು. ಮುಚ್ಚದ ಕಂಸ. ಅವಳಿಗೆ ತಕ್ಷಣ ಬೆನ್ನಿನಲ್ಲಿ ಎಲ್ಲೋ ತುರಿಸಿದಂತಾಯಿತು. ತೆರೆದ ಕಂಸವನ್ನು ಹಾಗೇ ಬಿಟ್ಟು ಕಾಫಿ ಕುಡಿಯುವುದು ಕಷ್ಟವಾಯಿತು. ಆದರೂ ಕೆಳಗೆ ಬರೆಯಬೇಕಾದ ಸಾಲು ಅಲ್ಲೇ ಹೊಳೆಯಿತು: ಬಾಗಿಲು ತೆರೆದಿದೆ. ಸಂಚಾಲಕ ಮೇಜು ಕುಟ್ಟಿ ಒಪ್ಪಿದ.

‘ನಮ್ಮ ಬಗ್ಗೆ’ ಪುಟದಲ್ಲಿ ಅವಳು ಮೊದಲು ಬರೆದದ್ದು ಹೀಗಿತ್ತು: ‘ಒಬ್ಬರು ತಮ್ಮ ಮನೆಯ ಊಟದ ಮೇಜಿನ ಮೇಲೆ ಹಳೆಯದೊಂದು ಕಂಪ್ಯೂಟರಿಟ್ಟು, ಕಲಿಯುವವರು ಬನ್ನಿ ಎಂದು ಕರೆದಲ್ಲಿಂದ ಈ ಬಳಗ ಶುರುವಾಯಿತು.’ ನಂತರ ಅವರ ಹೆಸರು. ಬರೆದಾಗ ಅವಳಿಗೆ ತುಂಬಾ ದಿನಗಳ ಮೇಲೆ ಏನೋ ಸರಿಯಾಗಿ ಬರೆದೆ ಅನ್ನಿಸಿತ್ತು. ಸಂಚಾಲಕ ಅದನ್ನು ಎರಡು ಸಲ ಓದಿ, ಚೆನ್ನಾಗಿದೆ ಎಂದು, ತೆಗೆಯಿರಿ ಎಂದ. “ಹೊಸಬರು ಓದ್ತಾರೆ ಮೇಡಂ. ಯಾರದೋ ಮನೆಗೆ ಕರೆಯದೆ ಬಂದ ಹಾಗೆ ಅನ್ಸುತ್ತೆ ಅವರಿಗೆ. ಬಾಗಿಲು ತೆರೆದಿದೆ ಅಂತ ನೀವೇ ಬರೆದು, ಬಾಗಿಲಲ್ಲೇ ಯಜಮಾನರನ್ನ ಕೂರಿಸಿದ್ರೆ ಹೇಗೆ?” ಮಾತು ತಪ್ಪಲ್ಲ. ಅದೇ ಅವಳಿಗೆ ಕಷ್ಟವಾದದ್ದು. ತಪ್ಪಾಗಿದ್ದರೆ ಜಗಳವಾಡಬಹುದಿತ್ತೇನೋ, ಆಡುತ್ತಿರಲಿಲ್ಲ, ಆದರೆ ಆಡಬಹುದಿತ್ತು. ಅವಳು ಸಾಲನ್ನು ಅಳಿಸಿದಳು. ಅಳಿಸಿದ ಮೇಲೆ ಉಳಿದ ವಾಕ್ಯಗಳು ಹಲ್ಲು ಕಿತ್ತ ಜಾಗವನ್ನು ನಾಲಿಗೆ ತಡವುವ ಹಾಗೆ ಆ ಖಾಲಿಯನ್ನು ತಡವುತ್ತಿದ್ದವು. ಓದುವ ಬೇರೆ ಯಾರಿಗೂ ಅದು ಗೊತ್ತಾಗುವಂತಿರಲಿಲ್ಲ. ಹಿರಿಯರು ತಾವಾಗಿ ಕರಡಿನ ಕೊಂಡಿ ಕೇಳಿದಾಗ ಕೊಡದಿರಲು ಅವಳಿಗೆ ನೆಪ ಸಿಗಲಿಲ್ಲ.

ಗ್ರಂಥಾಲಯದ ಮೇಲ್ಮಹಡಿಯ ಕೋಣೆಗೆ ಬೀಗ ತೆಗೆದಾಗ ಹಳೆ ಕಾಗದದ, ಒದ್ದೆ ಚಾಪೆಯ ವಾಸನೆ. ಅವಳು ಕುರ್ಚಿಗಳನ್ನು ಎಳೆಯುತ್ತಿದ್ದಂತೆ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು. ಹಿರಿಯರು. ಎರಡು ಕೈಯಲ್ಲೂ ಬಿಸ್ಕತ್ತಿನ ಡಬ್ಬಿ. ಅದು ಪ್ರತಿ ಸಭೆಗೂ ಅವರು ತರುವುದು, ಯಾರೂ ಕೇಳಿದ್ದಲ್ಲ. ಅವಳು ಬೇಗ ಬೇಗ ಪ್ರೊಜೆಕ್ಟರಿನ ತಂತಿಯ ಕಡೆ ಬಾಗಿದಳು. ಗೋಡೆಗೆ ಎಟಕುವ ತಂತಿಯನ್ನೇ ಎಟಕುವುದಿಲ್ಲವೇನೋ ಎಂಬಂತೆ ಎಳೆದು ಎಳೆದು ನೋಡಿದಳು. ಈಗ, ಈಗಲೇ ಹೇಳಿಬಿಡಬಹುದು. ಸರ್, ಆ ಕಂಸ. ಮೂರು ಪದ. ಬಾಗಿದ್ದರಿಂದ ರಕ್ತ ತಲೆಗೇರಿ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಇನ್ನಿಬ್ಬರು ಬಂದರು, ಆಮೇಲೆ ಸಂಚಾಲಕ, ಡಿಸೈನ್ ಹುಡುಗಿ, ಹಿಂದಿನ ಸಾಲಿನವರು. ಹೇಳಲು ಹೊತ್ತು ಮೀರಿತು ಎಂದು ಗೊತ್ತಾದಾಗ ಅವಳಿಗೆ ಆದದ್ದು ಒಂದು ಬಗೆಯ ನಿರಾಳ. ಅದನ್ನು ಅವಳು ಆಗಲೇ ಗುರುತಿಸಿದಳು, ಮತ್ತೆ ನೆನಪಿಸಿಕೊಳ್ಳಬಾರದ ಜಾಗದಲ್ಲಿ ಇಟ್ಟಳು.

ಪರದೆಯ ಮೇಲೆ ಹೊಸ ಪುಟ ಬಂತು. ಬಿಳಿ ಹಿನ್ನೆಲೆ, ಕಡು ನೀಲಿಯ ದೊಡ್ಡ ತೆರೆದ ಕಂಸ, ಪಕ್ಕದಲ್ಲಿ ಬಳಗದ ಹೆಸರು. ಸಂಚಾಲಕ ಮೊದಲೇ ಅರ್ಥ ಹೇಳುವವನಲ್ಲ; ಜಾದೂಗಾರನಂತೆ ಸ್ವಲ್ಪ ಕಾಯಿಸಿ, ಏನನ್ನಿಸುತ್ತೆ, ಯಾರಾದರೂ ಹೇಳಿ ಎಂದ. ಮುಂದಿನ ಸಾಲಿನಲ್ಲಿ ಹಿರಿಯರು ಎದ್ದು ನಿಂತರು. ಏಳುವ ಮುಂಚೆ ಅವರು ಒಮ್ಮೆ, ಒಂದೇ ಒಂದು ಸಲ, ಗೋಡೆಯ ಪಕ್ಕ ನಿಂತಿದ್ದ ಅವಳ ಕಡೆ ನೋಡಿದರು. ಬಯ್ಯುವ ನೋಟವಲ್ಲ. ಸರಿಪಡಿಸಲು ಇವಳಿಗೆ ಪುರಸೊತ್ತಾಗಿಲ್ಲ, ಪಾಪ, ನಾನೇ ಮೆತ್ತಗೆ ಹೇಳಿಬಿಡೋಣ ಎನ್ನುವ ನೋಟ. “ಎಲ್ಲ ಚೆನ್ನಾಗಿದೆ” ಎಂದರು. ಪೆನ್ಸಿಲಿನ ಹಿಂಬದಿ ಗಾಳಿಯಲ್ಲೇ ಪರದೆಯ ಆ ಜಾಗವನ್ನು ಮುಟ್ಟಿತು. “ಒಂದು ಸಣ್ಣ ತಪ್ಪು ಉಳ್ಕೊಂಡಿದೆ. ಕಂಸ ಮುಚ್ಚಿಲ್ಲ.”

ಮೊದಲು ನಕ್ಕವನು ಸಂಚಾಲಕ. ಕೆಟ್ಟ ನಗುವಲ್ಲ, ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು ಎಂಬ ನಗು. “ಸರ್, ಅದೇ ಲೋಗೋ” ಎಂದ. ಕೋಣೆಯಿಡೀ ನಕ್ಕಿತು. ನಗು ಇಳಿಯುತ್ತಾ ಬಂದು ಇನ್ನೇನು ಮುಗಿಯಿತು ಎನ್ನುವ ಸಂದಿಯಲ್ಲಿ ಹಿಂದಿನಿಂದ ಒಂದು ಗಂಟಲು, ತನಗೆ ತಾನೇ ಎಂಬಂತೆ, ಆದರೆ ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿ, “ಕಂಸಮಾವ ಬಿಡ್ತಾರಾ” ಎಂದಿತು. ಹಿರಿಯರು ತಿರುಗಿ, “ಏನಂದ್ರಿ?” ಎಂದರು. ನಿಜಕ್ಕೂ ಕೇಳಿಸಿರಲಿಲ್ಲ. ಹೊಸಬಳಾದ ಡಿಸೈನ್ ಹುಡುಗಿ ಸಹಾಯ ಮಾಡಲು ಹೋಗಿ, “ಮಾವ ಅಂದ್ರು ಸರ್” ಎಂದಳು. “ಮಾವನೇ ಬಿಡಮ್ಮ, ವಯಸ್ಸಾಯ್ತಲ್ಲ” ಎಂದು ಅವರೂ ನಕ್ಕು ಕೂತರು. ಸಂಚಾಲಕ ತೆರೆದ ಬಾಗಿಲಿನ ಅರ್ಥವನ್ನು ಬಿಡಿಸಿ ಹೇಳತೊಡಗಿದ. ಅವಳು ಪರದೆಯನ್ನು ನೋಡಲಿಲ್ಲ. ಅವರ ಬೆರಳುಗಳನ್ನು ನೋಡುತ್ತಿದ್ದಳು. ಅವು ಪೆನ್ಸಿಲನ್ನು ಎಂದಿನಂತೆ ಉರುಳಿಸುತ್ತಿದ್ದವು, ಉರುಳಿಸುತ್ತಿದ್ದವು, ನಡುವೆ ಒಮ್ಮೆ ನಿಂತವು. ಮಾವ ಎಂಬುದರ ಹಿಂದೆ ಇದ್ದ ಪದ ಈಗ ಅವರನ್ನು ತಲುಪಿತು ಎಂದು ಅವಳಿಗೆ ಗೊತ್ತಾಯಿತು. ಹೆತ್ತವಳಿಗೆ ಮಗುವಿನ ಅಳು ಗೊತ್ತಾಗುವ ಹಾಗೆ ಗೊತ್ತಾಯಿತು. ಚಪ್ಪಾಳೆಯಾಯಿತು. ಅವರೂ ತಟ್ಟಿದರು, ಪೆನ್ಸಿಲನ್ನು ಜೇಬಿಗೆ ಸಿಕ್ಕಿಸಿಕೊಂಡು.

ಎಲ್ಲರೂ ಇಳಿದು ಹೋದ ಮೇಲೂ ಅವರು ಹೋಗಲಿಲ್ಲ. ಕುರ್ಚಿಗಳನ್ನು ಒಂದರ ಮೇಲೊಂದು ಏರಿಸಲು ಅವಳಿಗೆ ನೆರವಾದರು. ನಡುವೆ ಅವರು ಕುರ್ಚಿಯೊಂದನ್ನು ಹಿಡಿದುಕೊಂಡೇ, “ನಿಮಗೆ ರಾತ್ರಿ ಒಂದು ಸಾಲು ಹಾಕಿದ್ದೆ” ಎಂದರು.

“ಅಯ್ಯೋ, ನೋಡ್ಲೇ ಇಲ್ಲ ಸರ್. ನಿನ್ನೆ ಬೇಗ ಮಲಗಿಬಿಟ್ಟೆ.”

ಅಷ್ಟು ಸಲೀಸಾಗಿ ಬಂತು. ತುಟಿ ದಾಟಿದ ಮೇಲೆ ನೀಲಿ ಗೀಟುಗಳು ನೆನಪಾದವು. ಬರೆಯುತ್ತಿದ್ದು ನಿಲ್ಲಿಸಿದ್ದೂ ನೆನಪಾಯಿತು. ಅವರು ಅವಳ ಮುಖ ನೋಡಲಿಲ್ಲ. ಕುರ್ಚಿಯನ್ನು ಜೋಪಾನವಾಗಿ ರಾಶಿಯ ಮೇಲೆ ಕೂರಿಸಿ, ಅಲುಗಾಡುತ್ತದೋ ಎಂದು ಒತ್ತಿ ನೋಡಿದರು.

“ಹಾಗೇ ಇರ್ಬೇಕು. ಈ ಫೋನು ಒಂದೊಂದ್ಸಲ ಓದದೆ ಇದ್ರೂ ಓದಿದಾರೆ ಅಂತ ತೋರಿಸುತ್ತೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಅವರು ಅವಳ ಸುಳ್ಳಿಗೆ ಚಾಪೆ ಹಾಸಿ ಕೂರಿಸಿದ್ದರು. ಆಮೇಲೆ ಅವರು ಆ ‘ನಮ್ಮ ಬಗ್ಗೆ’ ಅನ್ನುವುದನ್ನೂ ಓದಿದೆ, ಚೊಕ್ಕವಾಗಿದೆ ಎಂದರು. ಮುಂದಿನ ತಿಂಗಳಿಂದ ತಾವು ಬರುವುದು ಅನುಮಾನ, ಮಂಡಿ ಕೇಳುವುದಿಲ್ಲ, ಮೆಟ್ಟಿಲು ಕಷ್ಟ ಎಂದರು. ಬಿಸ್ಕತ್ತಿನ ಡಬ್ಬಿಗಳನ್ನು ಕೋಣೆಯಲ್ಲೇ ಇಟ್ಟುಕೊಳ್ಳಿ, ಖಾಲಿಯಾದರೆ ತುಂಬಿಸಿಕೊಳ್ಳಬಹುದು ಎಂದರು. ಎರಡೂ ಡಬ್ಬಿ ಹಿಡಿದುಕೊಂಡು ಬೆಳಿಗ್ಗೆ ಅದೇ ಮೆಟ್ಟಿಲು ಹತ್ತಿ ಬಂದ ಮಂಡಿ ಅದು. ಅವಳು ಆಗಲಿ ಸರ್ ಎಂದಳು. ಬನ್ನಿ ಸರ್ ಎನ್ನಬೇಕಿತ್ತು. ಅವರು ಇಳಿದು ಹೋಗುವ ಹೆಜ್ಜೆಗಳು ಪೂರ್ತಿ ಇಳಿಯುವ ತನಕ ಅವಳು ಬೀಗದ ಕೈ ಹಿಡಿದುಕೊಂಡು ಒಳಗೇ ನಿಂತಿದ್ದಳು.

ಸಂಜೆ ಡಿಸೈನ್ ಹುಡುಗಿಯ ಫೋನು. ಲಾಂಛನದ ಚಿತ್ರ ಸಣ್ಣ ಪರದೆಯ ಮೇಲೆ ಮಸುಕಾಗಿ ಕಾಣಿಸುತ್ತಿದೆ, ಚಿತ್ರದ ಬದಲು ಅಕ್ಷರವನ್ನೇ ಹಾಕಿಬಿಡಿ ಅಕ್ಕಾ, ಒಂದು ಕಂಸ ತಾನೇ ಎಂದಳು. ಇವತ್ತೇ ಎಲ್ಲರಿಗೂ ಕಾಣುವಂತೆ ಏರಿಸಿಬಿಡಬೇಕೆಂದು ಸಂಚಾಲಕನ ಅಪ್ಪಣೆಯಾಗಿತ್ತು. ಅವಳು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು. ಅತ್ತೆ ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತಾ, ಪಕ್ಕದ ಮನೆಯ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲವೆಂದೂ, ಹೋಗುವಾಗ ಪೆಟ್ಟಿಗೆ ದೊಡ್ಡದೇ ಇತ್ತೆಂದೂ ಹೇಳುತ್ತಿದ್ದರು. ಅವಳು ಹೂಂಗುಟ್ಟುತ್ತಾ ಹೊಸ ಪುಟ ತೆರೆದಳು. ಮೊದಲು ಕಂಸ ಒತ್ತಿದಳು. ಬಳಗದ ಹೆಸರು, ‘ಬಾಗಿಲು ತೆರೆದಿದೆ’, ಸಭೆಯ ವಿವರ, ‘ನಮ್ಮ ಬಗ್ಗೆ’, ಸಂಪರ್ಕ, ಕೆಳಗಿನ ಕಿರುಸಾಲು, ಹಳೆಯ ಕರಡಿನ ಪುಟಗಳಲ್ಲಿ ಬೇರೆ ಬೇರೆಯಾಗಿದ್ದ ಎಲ್ಲವನ್ನೂ ಕತ್ತರಿಸಿ ತಂದು ಕಂಸದ ಪಕ್ಕದಲ್ಲಿ ಒಂದೇ ಪುಟವಾಗಿ ಸುರಿದಳು. ನೋಡ್ಲೇ ಇಲ್ಲ ಸರ್. ಅಯ್ಯೋ ಬೇರೆ ಸೇರಿಸಿದ್ದೆ. ಆ ಅಯ್ಯೋ ಯಾಕೆ ಬೇಕಿತ್ತು? ಬರೀ ನೋಡಲಿಲ್ಲ ಅಂದಿದ್ದರೆ ಸುಳ್ಳು ಸ್ವಲ್ಪ ಚಿಕ್ಕದಾಗುತ್ತಿತ್ತೇ? ಏರಿಸುವ ಗುಂಡಿ ಒತ್ತಿದಳು. ಪುಟದ ನೆತ್ತಿಯನ್ನು ಮೊಬೈಲಿನಲ್ಲಿ ನೋಡಿದಳು. ಕಂಸ ಅಚ್ಚುಕಟ್ಟಾಗಿ, ಚೂಪಾಗಿ ಕಾಣುತ್ತಿತ್ತು. ಟಿಕೆಟ್ ಯಂತ್ರದ ಒಂದು ಗುಂಡಿಯನ್ನು ಬಿಸಿಲಲ್ಲಿ, ನೆರಳಲ್ಲಿ, ಒದ್ದೆ ಬೆರಳಲ್ಲಿ ಒತ್ತಿ ನೋಡುವವಳು ಅಂದು ಪುಟದ ನೆತ್ತಿಯಷ್ಟನ್ನೇ ನೋಡಿ ಎದ್ದಳು.

ಭಾನುವಾರ ಮಧ್ಯಾಹ್ನ ಊಟವಾಗಿ, ಗಂಡ ಸೋಫಾದ ಮೇಲೆ ಕಾಲು ಚಾಚಿ, ಯಾರದೋ ಕನ್ನಡಕದ ತಿರುಪನ್ನು ಬಿಗಿ ಮಾಡುತ್ತಾ ಕೂತಿದ್ದ. ಅವಳು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಮೊಬೈಲು ನಡುಗಿತು. ಹಿರಿಯರು. ತೆರೆದರೆ ಗೀಟು ನೀಲಿಯಾಗುತ್ತದೆ. ಬಟ್ಟೆಯನ್ನೆಲ್ಲ ತೋಳಿನ ಮೇಲೆ ಹೇರಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತು, ಕೊನೆಗೆ ತೆರೆದಳು. ‘ಮುಚ್ಚಿದ್ದೀರಿ. ನೋಡಿದೆ. ಬಾಗಿಲು ತೆರೆದ ಹಾಗೂ ಆಯಿತು, ಎಲ್ಲರೂ ಒಳಗೆ ಇದ್ದ ಹಾಗೂ ಆಯಿತು. ನನಗೆ ಇದು ಹೊಳೆದಿರಲಿಲ್ಲ. ನೆನಪಿಟ್ಟು ಮಾಡಿದ್ದಕ್ಕೆ ಸಂತೋಷ. ಡಬ್ಬಿ ಮುಂದಿನ ತಿಂಗಳು ನಾನೇ ಬಂದು ತುಂಬಿಸುತ್ತೇನೆ.’ ಅವರಿಂದ ಅವಳಿಗೆ ಬಂದ ಸಂದೇಶಗಳಲ್ಲೆಲ್ಲ ಇದೇ ಉದ್ದದ್ದು.

ಮೊದಲು ಕುಹಕವೆಂದುಕೊಂಡಳು. ಅವರಿಗೆ ಕುಹಕ ಬರುವುದಿಲ್ಲ. ಬಳಗದ ಪುಟ ತೆರೆದಳು. ನೆತ್ತಿಯ ಮೇಲೆ ಕಂಸ ನಿನ್ನೆ ಬಿಟ್ಟ ಹಾಗೆಯೇ ತೆರೆದಿತ್ತು. ಬೆರಳಿನಿಂದ ಪುಟವನ್ನು ಮೇಲಕ್ಕೆ ತಳ್ಳುತ್ತಾ ಹೋದಳು. ಸಭೆಯ ವಿವರ ದಾಟಿತು, ಅವಳ ಚೊಕ್ಕವಾದ ವಾಕ್ಯಗಳು ದಾಟಿದವು, ವಿಳಾಸ, ಕಿರುಸಾಲು. ಎಲ್ಲ ಮುಗಿದ ಮೇಲೆ, ಪುಟದ ತೀರಾ ತಳದಲ್ಲಿ, ಬಿಳಿಯ ಮೇಲೆ ಒಂಟಿಯಾಗಿ ಒಂದು ಮುಚ್ಚುವ ಕಂಸ ನಿಂತಿತ್ತು. ಇದನ್ನು ಅವರೇ ಇಟ್ಟಿರಬೇಕು ಎಂದುಕೊಂಡಳು. ಹಳೆಯ ಪಾಸ್‌ವರ್ಡು ಅವರ ಹತ್ತಿರ ಇನ್ನೂ ಇದೆ, ಕಳ್ಳನ ಹಾಗೆ ಬಂದು ಮುಚ್ಚಿ ಹೋಗಿ, ಈಗ ಕೀರ್ತಿಯನ್ನು ತನ್ನ ತಲೆಗೆ ಕಟ್ಟುತ್ತಿದ್ದಾರೆ. ಆ ಯೋಚನೆಗೆ ಅವಳ ಎದೆ ಸ್ವಲ್ಪ ಬೆಚ್ಚಗಾಯಿತು. ಆದರೆ ಹುಳುಕು ಹುಡುಕುವ ಬುದ್ಧಿ ಅಲ್ಲಿಗೆ ನಿಲ್ಲಲಿಲ್ಲ. ನಿನ್ನೆ ತಾನು ಕಂಸ ಒತ್ತಿದ್ದು, ಆಮೇಲೆ ಎಲ್ಲವನ್ನೂ ತಂದು ಸುರಿದದ್ದು. ಒತ್ತಿದೊಡನೆ ಯಂತ್ರ ಅದರ ಜೋಡಿಯನ್ನು ತಂದಿಟ್ಟಿರುತ್ತದೆ. ತಾನು ಸುರಿದದ್ದೆಲ್ಲ ಎರಡರ ನಡುವೆ ಬಿದ್ದು, ಜೋಡಿ ತಳ್ಳಿಸಿಕೊಳ್ಳುತ್ತಾ ತಳ್ಳಿಸಿಕೊಳ್ಳುತ್ತಾ ಪುಟದ ತಳ ಸೇರಿದೆ. ಯಾರೂ ಮುಚ್ಚಿದ್ದಲ್ಲ. ಅವರ ಲೆಕ್ಕದಲ್ಲಂತೂ ಅಲ್ಲ. ಯಂತ್ರ ಮುಚ್ಚಿದ್ದು.

ಬಟ್ಟೆಯ ರಾಶಿಯನ್ನು ಮಂಚದ ಮೇಲೆ ಹಾಕಿ ಲ್ಯಾಪ್‌ಟಾಪ್ ತೆರೆದಳು. ಅಳಿಸಲು ಒಂದು ಕೀಲಿ ಸಾಕು. ಬಳಗದ ಗುಂಪಿನಲ್ಲಿ ಬೆಳಗಿನಿಂದ ಹೊಗಳಿಕೆ ಹರಿಯುತ್ತಿತ್ತು, ಹಿಂದಿನ ಸಾಲಿನವರು ಹೆಬ್ಬೆರಳು ಎತ್ತಿದ್ದರು, ಸಂಚಾಲಕ ಎಲ್ಲರಿಗೂ ಕೈಮುಗಿದಿದ್ದ. ತಳದ ತನಕ ಯಾರೂ ಹೋಗಿರಲಿಲ್ಲ, ಹೋದವರು ಒಬ್ಬರೇ. ಕಚೇರಿಯಲ್ಲಾದರೆ ಅವಳು ಇದಕ್ಕೆ ವರದಿ ಬರೆಯುತ್ತಿದ್ದಳು: ಆದದ್ದು ಏನು, ಆಗಬೇಕಾಗಿದ್ದು ಏನು. ಆದದ್ದು ಗೊತ್ತು. ಆಗಬೇಕಾಗಿದ್ದು? ಅವಳ ಬೆರಳು ಕೀಲಿಯ ಮೇಲೆ ಭಾರವಿಲ್ಲದೆ ಕೂತಿತ್ತು. ಸರ್, ಅದು ನಾನು ಮಾಡಿದ್ದಲ್ಲ, ಕೈತಪ್ಪು ಎಂದು ಬರೆದರೆ ಅದು ನಿಜ. ನಿನ್ನೆಯ ಸುಳ್ಳಿಗೆ ಇವತ್ತಿನ ನಿಜವನ್ನು ಎದುರಿಟ್ಟು ತಕ್ಕಡಿ ಸಮ ಮಾಡಿಕೊಳ್ಳಬಹುದು. ಸಮವಾಗುವುದು ಅವಳ ತಕ್ಕಡಿ ಮಾತ್ರ. ಮೆಟ್ಟಿಲು ಹತ್ತದೆ ಮನೆಯಲ್ಲಿ ಉಳಿಯುವುದು ಅವರ ಮಂಡಿ. ಹಾಗೆಂದು ಇದು ಕರುಣೆಯೆಂದು ತನಗೆ ತಾನೇ ಹೇಳಿಕೊಳ್ಳಲು ಅವಳಿಂದ ಆಗಲಿಲ್ಲ. ಹೊಗಳಿಸಿಕೊಂಡದ್ದು ಹಿತವಾಗಿತ್ತು. ಅದೂ ಇತ್ತು.

“ಏನೇ, ಭಾನುವಾರನೂ ಹುಳುಕಾ?” ಗಂಡ ಹೊರಗಿನಿಂದ ಕೇಳಿದ.

“ಇಲ್ಲ. ಎಲ್ಲ ಸರಿಯಾಗಿದೆ.”

“ಹಾಗಾದ್ರೆ ಸರಿಯಾಗಿ ನೋಡಿಲ್ಲ ಅಂತ ಅರ್ಥ” ಎಂದು ಅವನು ತಿರುಪಿನ ಕಡೆ ಬಾಗಿದ. ಅವಳು ಮೊಬೈಲು ಎತ್ತಿಕೊಂಡು, ‘ಬನ್ನಿ ಸರ್, ಕಾಯುತ್ತಿರುತ್ತೇವೆ’ ಎಂದು ಬರೆದಳು; ತಡೆದು, ‘ಕಾಯುತ್ತಿರುತ್ತೇನೆ’ ಎಂದು ತಿದ್ದಿ ಕಳಿಸಿದಳು. ಒಂದು ಗೀಟು ಬಂತು, ಎರಡಾಯಿತು, ತಕ್ಷಣವೇ ನೀಲಿಯಾಯಿತು. ಕಂಸವನ್ನು ಇದ್ದಲ್ಲೇ ಬಿಟ್ಟು ಬಟ್ಟೆ ಮಡಚಲು ಕೂತಳು. ಸಂಚಾಲಕ ಎಂದಾದರೂ ತಳದ ತನಕ ಹೋಗಿ ನೋಡಿ ಕೇಳಿದರೆ ಅದು ಬೇಕೆಂದೇ ಇಟ್ಟದ್ದು ಅಂದುಬಿಡುವುದು. ನಿಜವಾಗಿ ಏನಾಯಿತು ಎಂಬುದನ್ನು ಅವನಿಗೆ ಹೇಳಬೇಕಾಗಿಲ್ಲ, ಆ ಹುಡುಗಿಗೂ ಬೇಡ, ಗಂಡನಿಗೆ ಹೇಳಿದರೆ ನಾಳೆ ಅಂಗಡಿಯಲ್ಲಿ ತಮಾಷೆಯಾಗುತ್ತದೆ. ಯಾರಿಗೂ ಹೇಳುವುದು ಬೇಡ ಎಂದುಕೊಂಡಳು, ಅತ್ತೆಯ ಸೀರೆಯ ಎರಡು ತುದಿಗಳನ್ನು ಸರಿಯಾಗಿ ಕೂಡಿಸುತ್ತಾ. ಅವರಿಗಂತೂ ಬೇಡ.